ಕೋಟಿನ ತುಂಡು

"ಇವನಾ? ಓದು ಬಿಟ್ಟವನು, ನಾಯಿ ಹಾಸಿಗೆ ಹೊಲಿಯೋಕಷ್ಟೇ ಲಾಯಕ್ಕು," ಎಂದು ಅಪ್ಪ ನೆಂಟರ ಮುಂದೆ ನಕ್ಕರು. ನಾಯಿಯ ಹರಿದ ಹಾಸಿಗೆಗೆ ತೇಪೆ ಹಾಕುತ್ತಿದ್ದ ಕಿರಿಮಗ ಸೂಜಿ ಎಳೆಯುತ್ತಲೇ ಇದ್ದ.

ಅತ್ತೆ ಅವನ ಅಣ್ಣನ ಹೊಸ ಕೋಟು ಸವರಿದರು. "ಏನು ಹೊಲಿಗೆಯೋ! ಎಲ್ಲಿ ಹೊಲಿಸಿದೆ?"

"ದೊಡ್ಡ ಅಂಗಡೀಲಿ ತಗೊಂಡೆ ಅತ್ತೆ."

ಮೂರು ದಿನ ಕೂತು ಆ ಕೋಟು ಹೊಲಿದಿದ್ದವನು ತಮ್ಮ. ಓದು ಅಣ್ಣನದು, ಹೊಗಳಿಕೆ ಅಣ್ಣನದು, ಈಗ ತನ್ನ ಕೈಕೆಲಸವೂ ಅವನದೇ. ಹಲ್ಲಿನಿಂದ ದಾರ ಕಡಿದು, ಹಾಸಿಗೆಯನ್ನು ಅಣ್ಣನ ಕಾಲ ಬಳಿಯೇ ಹಾಸಿದ. ಕೋಟು ಹೊಲಿದು ಉಳಿದ ತುಂಡಿನ ತೇಪೆ; ಅದೇ ಬೂದು, ಅದೇ ಸಣ್ಣ ಕೆಂಪು ಗೆರೆ.

ಅತ್ತೆ ಕೋಟು ನೋಡಿದರು, ಹಾಸಿಗೆ ನೋಡಿದರು. "ಅಯ್ಯೋ, ದೊಡ್ಡ ಅಂಗಡಿಯವರು ನಾಯಿಗೂ ಹೊಲಿದುಕೊಟ್ರೇನೋ?"

"ಲೋ, ಏನೋ ಇದು?" ಎಂದು ಅಪ್ಪ ಕಿರಿಮಗನನ್ನು ಗದರಿದರು.

ತಮ್ಮ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಹೊರಗೆ ನಡೆದ.