ಐದನೆಯ ಹಲ್ಲು

ನಿವೃತ್ತ ಪ್ರಾಣಿಶಾಸ್ತ್ರ ಮೇಷ್ಟ್ರು ತಿಪ್ಪೇರುದ್ರಯ್ಯ ಅಂತರ್ಜಾಲದಲ್ಲಿ ಒಂದು ಗುಂಪು ನಡೆಸುತ್ತಿದ್ದರು. ಬೇರೆ ಕಣಜಗಳ ಗೂಡಿನಲ್ಲಿ ಕಣ್ಣು ತಪ್ಪಿಸಿ ಮೊಟ್ಟೆಯಿಡುವ ಕೋಗಿಲೆ ಕಣಜದ ಫೋಟೋಗಳನ್ನು ಜನ ಅಲ್ಲಿಗೆ ಕಳಿಸುತ್ತಿದ್ದರು. ಮೇಷ್ಟ್ರು ಅದರ ಹೊಟ್ಟೆಯ ತುದಿಯಲ್ಲಿರುವ ಹಲ್ಲಿನಂಥ ಮೊನೆಗಳನ್ನು ಎಣಿಸಿ, ತಮ್ಮಲ್ಲಿದ್ದ ಮಾದರಿ ಚಿತ್ರಗಳ ಜೊತೆ ಹೋಲಿಸಿ, ಅದು ಯಾವ ಜಾತಿಯೆಂದು ಹೇಳುತ್ತಿದ್ದರು. ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ‘ದಾಸವಾಳ’ ಎಂಬ ಹೆಸರಿನಲ್ಲಿ ಬಂದ ಫೋಟೋ ತೀರಾ ಚೆನ್ನಾಗಿತ್ತು. ಅದೇ ಅವರಿಗೆ ಅನುಮಾನ ತಂದಿತು.

“ಹೊಟ್ಟೆಯ ತುದಿಯಲ್ಲಿ ನಾಲ್ಕು ಹಲ್ಲುಗಳಿವೆ. ಮಾಮೂಲಿ ಜಾತಿ,” ಎಂದು ಬರೆದರು.

“ಐದಿವೆ ಸರ್. ಇನ್ನೊಮ್ಮೆ ಎಣಿಸಿ,” ಎಂದು ಉತ್ತರ ಬಂತು.

ಹಿಗ್ಗಿಸಿ ಎಣಿಸಿದರು. ಐದೇ ಇದ್ದವು. ಅಂಥ ಕಣಜ ಅವರ ಮಾದರಿ ಚಿತ್ರಗಳಲ್ಲಿ ಒಂದೂ ಇರಲಿಲ್ಲ. ಎಣಿಕೆ ತಪ್ಪಿದ್ದನ್ನು ಒಪ್ಪದೆ ಮೇಷ್ಟ್ರು ಮತ್ತೆ ಬರೆದರು.

“ಎಲ್ಲಿ ತೆಗೆದದ್ದು?”

“ನಮ್ಮ ಹಿತ್ತಲ ಗೋಡೆ ಮೇಲೆ ಸರ್. ಫೋನಿನಲ್ಲೇ ತೆಗೆದೆ.”

“ಮೂವತ್ತು ವರ್ಷ ಕಾಡು ಸುತ್ತಿದ ನನಗೆ ಸಿಗದ್ದು ನಿಮ್ಮ ಹಿತ್ತಲಿಗೆ ಬಂತೇ? ಮೊದಲು ನಿಮ್ಮ ನಿಜವಾದ ಹೆಸರು ಹೇಳಿ.”

ಉತ್ತರವಾಗಿ ಒಂದೇ ಸಾಲು ಬಂತು: “ಹೆಸರು ಹೇಳಿದರೆ ನೀವು ಫೋಟೋ ನೋಡುವುದೇ ಇಲ್ಲ ಸರ್.”

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ‘ಇದು ಎಲ್ಲಿಂದಲೋ ಕದ್ದ ಫೋಟೋ’ ಎಂದು ಎಲ್ಲರಿಗೂ ಕಾಣುವಂತೆ ಬರೆದು, ಆ ಹೆಸರನ್ನು ಗುಂಪಿನಿಂದ ತೆಗೆದುಹಾಕಿದರು. ಆಮೇಲೆ ನೆಮ್ಮದಿಯಿಂದ ಕುರ್ಚಿಗೆ ಒರಗಿದರು.

ಹಿತ್ತಲ ಬಾಗಿಲು ತೆರೆಯಿತು. ಹೆಂಡತಿ ಅನಸೂಯಮ್ಮ ಫೋನು ಹಿಡಿದು ಒಳಗೆ ಬಂದು, ಅವರ ಮುಂದೆ ನಿಂತು ಕೇಳಿದರು: “ಅದನ್ನ ನಾನು ಯಾರಿಂದ ಕದ್ದೆ, ಹೇಳ್ರೀ.”