ಸುರಂಗಕ್ಕೆ ಒಬ್ಬ ಬಾರ್ಬರಾ

ಘಾಟಿಯ ದಾರಿ ಹಿಮ ಬಿದ್ದು ಮುಚ್ಚಿದೆ, ಧರ್ಮತಾಯಿ ಬರುವುದಿಲ್ಲ ಎಂದು ಫೋನು ಬಂದಾಗ ಕಡೆಯ ಬಂಡೆಗೆ ಮದ್ದು ತುಂಬಿ ಆಗಿತ್ತು. ಆಲ್ಪ್ಸ್ ಬೆಟ್ಟದ ಆ ಕಡೆಯವರು ಅಲ್ಲಿಂದ, ಈ ಕಡೆಯವರು ಇಲ್ಲಿಂದ ಸುರಂಗ ಕೊರೆಯುತ್ತ ಬಂದು, ನಡುವೆ ಉಳಿದದ್ದು ಒಂದು ಗೋಡೆಯಷ್ಟು ಕಲ್ಲು. ತುಂಬಿದ ಮದ್ದನ್ನು ನಾಳೆಗೆ ಇಡುವ ಹಾಗಿಲ್ಲ. ಧರ್ಮತಾಯಿ ಇಲ್ಲದೆ ಸಿಡಿಸುವ ಹಾಗೂ ಇಲ್ಲ.

ಎರಡು ಕಡೆಯೂ ಕೂಡುವ ತನಕ ಸುರಂಗದೊಳಗೆ ಹೆಂಗಸು ಕಾಲಿಡಬಾರದು ಅನ್ನುವುದು ಕೆಲಸದವರ ಕಟ್ಟು. ಇಟ್ಟರೆ ಒಬ್ಬಳೇ, ಅವರನ್ನು ಕಾಯುವ ಸಂತ ಬಾರ್ಬರಾಳ ಬದಲಿಗೆ ನಿಲ್ಲುವ ಧರ್ಮತಾಯಿ. ಅದಕ್ಕೇ ಆ ಹೆಸರಿನವಳನ್ನೇ, ಒಬ್ಬ ಮಂತ್ರಿಯ ಹೆಂಡತಿಯನ್ನು, ಹುಡುಕಿ ಒಪ್ಪಿಸಿದ್ದರು.

ಮೇಸ್ತ್ರಿ ಆಲ್ಬಿನ್ ಅಡುಗೆ ಶೆಡ್ಡಿಗೆ ಬಂದು ಕುಕ್ಕರಿಸಿದ. ಜೊತೆಗೆ ಮದ್ದು ಸಿಡಿಸುವ ಹಂಗೇರಿಯ ಮುದುಕ ಗೆರ್ಗೆ.

"ಈಗ ಇನ್ನೊಬ್ಬ ಬಾರ್ಬರಾನ ಎಲ್ಲಿಂದ ತರ್ಲಿ? ಹಿಮದಲ್ಲಿ ಮಾಡಿ ನಿಲ್ಲಿಸ್ಲಾ?" ಅಂದ ಆಲ್ಬಿನ್.

"ನಿಲ್ಲಿಸು. ಮಂತ್ರಿ ಹೆಂಡತಿಗಿಂತ ಅದೇ ಬೆಚ್ಚಗಿರುತ್ತೆ," ಅಂದ ಗೆರ್ಗೆ.

ಹಿಟ್ಟು ನಾದುತ್ತಿದ್ದ ಅಡುಗೆಯವಳು ತಲೆ ಎತ್ತಲಿಲ್ಲ. "ನನ್ನ ಹೆಸರೂ ಅದೇ," ಅಂದಳು.

ಇಬ್ಬರೂ ಅವಳ ಕಡೆ ತಿರುಗಿದರು. ಸರ್ಬಿಯಾದ ಆ ಹೆಂಗಸನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದದ್ದು. ಹೆಸರು ಯಾರೂ ಕೇಳಿರಲಿಲ್ಲ. ಈ ಸುರಂಗದಲ್ಲೇ ನೀರು ನುಗ್ಗಿ ಸತ್ತ ಮಿಲೋರದನ ಹೆಂಡತಿ. ಹೆಣ ಒಯ್ಯಲು ಬಂದಿದ್ದವಳು, ಊರಲ್ಲಿ ಮಣ್ಣು ಮಾಡಿ ತಿರುಗಿ ಬಂದು ಇಲ್ಲಿ ಒಲೆ ಹಚ್ಚಿದಳು. ಗಂಡ ಹೋದ ಜಾಗವನ್ನು ಒಂದು ಸಲ ನೋಡಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಕೇಳಿದಾಗೆಲ್ಲ ಆಲ್ಬಿನ್ "ಹೆಂಗಸು ಒಳಗೆ ಬರೋ ಹಾಗಿಲ್ಲಕ್ಕ" ಅನ್ನುತ್ತಿದ್ದ. ಹಿಂದಿನಿಂದ ಕಾಂಕ್ರೀಟಿನವರು ಬಂಡೆಯನ್ನು ಮುಚ್ಚುತ್ತ ಬರುತ್ತಲೇ ಇದ್ದರು. ನಾಳೆಯೋ ನಾಡಿದ್ದೋ ಆ ಜಾಗವನ್ನು ಮುಟ್ಟುತ್ತಿದ್ದರು. ಆಮೇಲೆ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ.

"ನಿನ್ನ ಹೆಸರು ಬಾರ್ಬರಾನಾ ಅಕ್ಕ?"

"ವರ್ವಾರಾ."

ಆಲ್ಬಿನ್ ಉಸಿರು ಬಿಟ್ಟ. "ಅದು ಬೇರೆ. ಒಳಗೆ ಅಷ್ಟು ಜನ ಇದಾರೆ. ಹೆಸರು ಹತ್ತಿರ ಹತ್ತಿರ ಕೇಳ್ಸುತ್ತೆ ಅಂತ ನಾನು ನಿನ್ನ ಕರ್ಕೊಂಡು ಹೋದ್ರೆ..."

"ನಮ್ಮ ಕಡೆ ಆ ಸಂತವ್ವನ ಹೆಸರು ಬೋರ್ಬಾಲಾ," ಅಂದ ಗೆರ್ಗೆ. "ಇಷ್ಟು ವರ್ಷ ಪ್ರತಿ ಸಲ ಸಿಡಿಸೋ ಮುಂಚೆ ನಾನು ಬೋರ್ಬಾಲಾ ಕಾಪಾಡವ್ವ ಅಂತಲೇ ಅಂದದ್ದು. ಅದು ನಾನಲ್ಲ, ಪಕ್ಕದ ಮನೆ ವಿಚಾರಿಸು ಅಂತ ನಿನ್ನ ಬಾರ್ಬರಾ ಹೇಳಿ ಕಳಿಸಿದ್ಲಾ? ಪೋಲೆಂಡಿನ ಗಣೀಲಿ ಬಾಶಾ ಅಂತಿದ್ರು. ಸ್ವೀಡನ್ನಲ್ಲಿ ಬಾರ್ಬ್ರೋ, ಫ್ರಾನ್ಸಲ್ಲಿ ಬಾರ್ಬ್. ಎಲ್ಲಾ ಕಡೆ ಸುರಂಗದ ಬಾಯಲ್ಲಿ ಇಡೋದು ಅವಳ ಅದೇ ಮರದ ಬೊಂಬೆ, ಪಕ್ಕದಲ್ಲಿ ಅವಳಪ್ಪ ಅವಳನ್ನ ಕೂಡಿಹಾಕಿದ ಅದೇ ಗೋಪುರ."

"ಹಾಗಾದ್ರೆ ಅಸಲು ಯಾವುದು?" ಅಂದ ಆಲ್ಬಿನ್.

"ಯಾವುದೂ ಅಲ್ಲ," ಅಂದಳು ವರ್ವಾರಾ. "ನಮ್ಮೂರ ಪಾದ್ರಿ ಹೇಳ್ತಿದ್ರು. ಗ್ರೀಕರು ತಮ್ಮ ಮಾತು ಬಾರದವರನ್ನ ಬಾರ್ಬರ ಅಂತಿದ್ರಂತೆ, ಏನೋ ಬರ್ ಬರ್ ಅಂತವೆ ಅಂತ. ಪರದೇಶಿ ಹೆಂಗಸು ಅಂತ ಅರ್ಥ. ನೀವು ರೋಮಿನ ಕಡೆಯಿಂದ ಈಸ್ಕೊಂಡ್ರಿ, ಬ ಉಳೀತು. ಆಮೇಲೆ ಗ್ರೀಕರ ಬಾಯಲ್ಲೇ ಬ ಹೋಗಿ ವ ಆಯ್ತು, ನಮಗೆ ಬಂದದ್ದು ಅದು. ಹೋದ ಊರಲ್ಲೆಲ್ಲ ಆ ತಾಯಿ ಅಲ್ಲಿಯವರು ಕರೆದ ಹಾಗೆ ಇದ್ಲು."

"ನಿನ್ನ ಹಾಗೇ," ಅಂದ ಗೆರ್ಗೆ.

"ನನ್ನ ಹಾಗಾಗಿದ್ರೆ ಒಲೆ ಮುಂದೆ ಕೂರಿಸ್ತಿದ್ರು."

ಗೆರ್ಗೆ ನಕ್ಕ. ಆಲ್ಬಿನ್ ನಗಲಿಲ್ಲ. ಗಡಿಯಾರ ನೋಡಿಕೊಂಡ. "ಏನಾದ್ರೂ ಆದ್ರೆ, ಅಕ್ಕ?"

"ಆಗೋದು ನನಗೆ ಅಲ್ಲೇ ಆಗಿಹೋಗಿದೆ," ಅಂದಳು ಅವಳು.

ಹೆಲ್ಮೆಟ್ ತಲೆಗೆ ದೊಡ್ಡದಾಯಿತು. ಮರದ ಬಾರ್ಬರಾಳನ್ನು ತೋಳಲ್ಲಿ ಹಿಡಿದು, ಹಿಟ್ಟಿನ ಕೈ ತೊಳೆಯದೆ, ಅವಳು ಇಬ್ಬರ ನಡುವೆ ನಡೆದಳು. ಅರ್ಧ ದಾರಿ ದಾಟಿ ಸ್ವಲ್ಪ ಮುಂದೆ ಆಲ್ಬಿನ್ ನಿಂತ. ದೀಪವನ್ನು ಎಡಗಡೆಯ ಬಂಡೆಗೆ ಹಿಡಿದ. "ಇಲ್ಲೇ ಅಕ್ಕ," ಅಂದ.

"ಸ್ವಲ್ಪ ಹಿಡ್ಕೊ," ಎಂದು ವರ್ವಾರಾ ಬೊಂಬೆಯನ್ನು ಅವನ ಕೈಗೆ ಕೊಟ್ಟಳು. ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಒತ್ತಿ ನಿಂತಳು. ಮುಂದೆ ಮದ್ದಿನ ಹತ್ತಿರ ಕಾದಿದ್ದವರು ಯಾರೂ ಕೂಗಿ ಕರೆಯಲಿಲ್ಲ. ಆಮೇಲೆ ಬೊಂಬೆಯನ್ನು ವಾಪಸು ತೆಗೆದುಕೊಂಡಳು. "ನಡಿ," ಅಂದಳು.

ಗೆರ್ಗೆ ಮದ್ದು ಸಿಡಿಸಿದ, ಬಂಡೆ ಬೀಳಬೇಕಾದ ಹಾಗೆಯೇ ಬಿತ್ತು. ಹೊಗೆ ತಿಳಿಯಾದ ಮೇಲೆ ತೂತಿನ ಆ ಕಡೆಯಿಂದ ನಾಲ್ಕಾರು ಕೈಗಳು ಬಂದವು. ವರ್ವಾರಾ ಬೊಂಬೆಯನ್ನು ದಾಟಿಸಿದಳು. ಆ ಕಡೆಯವರು ತಮ್ಮ ಬಾಯಿಗೆ ಬಂದ ಹಾಗೆ ಏನೋ ಹೆಸರು ಹಿಡಿದು ಕೂಗಿದರು. ಅವಳು ಓಗೊಟ್ಟಳು.

ಎರಡು ದಿನ ಬಿಟ್ಟು ಕಾಂಕ್ರೀಟಿನವರು ಆ ಜಾಗಕ್ಕೆ ಬಂದರು. ಕಪ್ಪು ಬಂಡೆಯ ಮೇಲೆ ಎರಡು ಬಿಳೀ ಅಂಗೈ ಗುರುತು ಕಂಡು ಯಂತ್ರ ನಿಲ್ಲಿಸಿ ಮೇಸ್ತ್ರಿಗೆ ಹೇಳಿ ಕಳಿಸಿದರು. ಆಲ್ಬಿನ್ ಬಂದು ನೋಡಿದ. ಹಿಂತಿರುಗಿ ಶೆಡ್ಡಿಗೆ ಹೋದ. ಮತ್ತೆ ಬರುವಾಗ ಅವನ ಕೈಯಲ್ಲಿ ಒಂದು ಪಾತ್ರೆ ಇತ್ತು. ಒಳಗೆ ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ, ಅವಳ ಕಡೆಯವರು ಸತ್ತವರ ಹೆಸರಲ್ಲಿ ಹಂಚುವುದು.

ಆಲ್ಬಿನ್ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮೊದಲು ಎಲ್ಲರೂ ಒಂದೊಂದು ಚಮಚ ತಿನ್ನಬೇಕಂತೆ," ಅಂದ. "ಆಮೇಲೆ ಮುಚ್ಚಬಹುದಂತೆ."