ಆಧಾರವಿಲ್ಲದ ಸಾಲು

ಬದುಕಿರುವ ಸಿನಿಮಾ ನಿರ್ದೇಶಕರನ್ನು ಕಂಡರೆ ನನಗಾಗದು. ಸತ್ತವರಾದರೆ ನಮ್ಮ ವಿಶ್ವಕೋಶದ ಕೌಂಟರಿಗೆ ಬಂದು ಜಗಳವಾಡುವುದಿಲ್ಲ.

"ನನ್ನ ಪರಿಚಯಕ್ಕ ಕಳಪೆ ದರ್ಜೆ ಕೊಟ್ಟೀರೇನ್ರಿ?" ನಿರ್ದೇಶಕ ಗುರುಬಸವ ಗಾಜು ಬಡಿದ. "ಹನ್ನೊಂದು ಸಿನಿಮಾ ತೆಗ್ದೇನ್ರಿ ನಾನು!"

"ಪತ್ನಿ ಮಂದಾಕಿನಿ ಅನ್ನೋ ಸಾಲಿಗೆ ಆಧಾರವೇ ಇಲ್ಲ. ಅಳಿಸ್ತೀನಿ," ಎಂದೆ. "ಇಲ್ಲಿ ಅಳಿಸಿದ್ದು ಬದುಕಿನಲ್ಲೂ ನಡೆದೇ ಇಲ್ಲ ಅಂತಾಗುತ್ತೆ, ಗೊತ್ತಲ್ಲ?"

"ಆಧಾರ ಇಲ್ಲೇ ನಿಂತಾಳಲ್ರಿ!" ಪಕ್ಕದಲ್ಲಿದ್ದ ಹೆಂಡತಿಯನ್ನು ತೋಳು ಹಿಡಿದು ಮುಂದೆಳೆದ. "ಮದಿವಿ ಫೋಟೋ ತೋರ್ಸ."

ಮಂದಾಕಿನಿ ಚೀಲ ತೆರೆದಳು. ಪರದೆಯ ಮೇಲಿದ್ದ ಗಂಡನ ಪರಿಚಯವನ್ನು ನಿಧಾನವಾಗಿ ಓದಿದಳು.

"ಕಥಿ ಬರದಾಕಿ ನಾನು. ಶೂಟಿಂಗ್ ಮಾಡ್ಸಿದಾಕಿ ನಾನು. ಅದ್ಯಾವುದೂ ಇದರಾಗ ಇಲ್ಲ, ಹೆಂಡ್ತಿ ಅನ್ನೂದೊಂದ ಐತಿ." ಆಕೆ ಚೀಲದ ಜಿಪ್ ಎಳೆದಳು. "ಫೋಟೋ ಇಲ್ರಿ. ಅಳಸ್ರಿ."

"ಏ, ಹುಚ್ಚು ಹಿಡದೈತೇನ ನಿನಗ?"

ನಾನು ಅಳಿಸಿದೆ. ಹಿಂದೆ ಏನಿತ್ತೆಂಬುದು ಅಳಿಸಿದವರಿಗೆ ಮಾತ್ರ ನೆನಪಿರುತ್ತದೆ. ನಮಗೆ ಸಂಬಳ ಕೊಡುವುದೇ ಅದಕ್ಕೆ.

ಯಾರೋ ಹೆಂಗಸಿನ ತೋಳು ತನ್ನ ಕೈಯಲ್ಲಿರುವುದನ್ನು ಕಂಡು ಗುರುಬಸವ ಬೆಚ್ಚಿ ಬಿಟ್ಟುಬಿಟ್ಟ. ಪರದೆಯಲ್ಲಿ ಅವನ ಪರಿಚಯ ಕುಗ್ಗಿ ಒಂದೇ ಸಾಲಾಗಿತ್ತು: ಹಾವೇರಿಯಲ್ಲಿ ಜನನ.

"ಹುಟ್ಟಿದ್ದಕ್ಕೆಲ್ಲಾ ವಿಶ್ವಕೋಶದಲ್ಲಿ ಜಾಗ ಕೊಡೋಕಾಗಲ್ಲ," ಎಂದೆ. "ಮುಂದಿನವರು ಬನ್ನಿ."

ಅವನು ಅಲ್ಲೇ ಬಾಯಿ ಬಿಟ್ಟು ನಿಂತಿದ್ದ. ಆಕೆ ಚೀಲವನ್ನು ಹೆಗಲಿಗೇರಿಸಿದಳು.

"ನಾನು ಮಂದಾಕಿನಿ ಅಂತ್ರಿ, ನಿರ್ದೇಶಕಿ. ಹನ್ನೊಂದು ಸಿನಿಮಾ ಮಾಡೇನ್ರಿ." ಆಮೇಲೆ ಅವನತ್ತ ಸಿಡುಕಿನಿಂದ ತಿರುಗಿದಳು. "ಯಾರ್ರೀ ನೀವು? ಎಷ್ಟೊತ್ತು ಹಿಂಗ ಅಡ್ಡ ನಿಂದರ್ತೀರಿ?"